ನೆಲ ಎಷ್ಟು ದೂರ

ಜನವರಿ 9

ಚೂಟಿ,

ಹನ್ನೊಂದು ವರ್ಷವಾದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಫೋನು ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿದು ಹಾಕುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವೆ. ಆ ನಾಲ್ಕು ಸಾಲು ಈಗಾಗಲೇ ಮುಗಿದವು, ಅದಕ್ಕೆ ವಿಷಯಕ್ಕೇ ಬರುತ್ತೇನೆ.

ನಮ್ಮ ರಂಗಮಂದಿರಕ್ಕೆ ಹೊಸ ಯಂತ್ರ ಬಂದಿದೆ. ಪರದೆ, ಮೋಡ, ಮನುಷ್ಯರು, ಏನನ್ನು ಬೇಕಾದರೂ ಎತ್ತಿ ಇಳಿಸುತ್ತದೆಯಂತೆ. ಒಳಗಿರುವುದು ಸರ್ವೋ ಮೋಟರು, ಹೇಳಿದ ಜಾಗಕ್ಕೇ ಬಂದು ನಿಲ್ಲುವಂಥದು. ನನ್ನ ಹಗ್ಗಗಳನ್ನೆಲ್ಲ ಸುತ್ತಿ ಉಗ್ರಾಣಕ್ಕೆ ಹಾಕಿ, ಯಂತ್ರದ ಗುಂಡಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಕೂಡಿಸಲು ಬಂದ ಕಂಪನಿಯ ಮನುಷ್ಯ ಎರಡು ದಿನ ಇದ್ದ. ದಿಂಬಿನಷ್ಟು ದಪ್ಪದ ಪುಸ್ತಕ ಕೊಟ್ಟು, ಚಹಾ ಕುಡಿದು ಹೋದವನು ಮತ್ತೆ ಕೈಗೆ ಸಿಕ್ಕಿಲ್ಲ.

ದಿನವೂ ಅದಕ್ಕೆ ಮರಳಿನ ಮೂಟೆ ಕಟ್ಟಿ ಹಾರಿಸಿ ನೋಡುತ್ತೇನೆ. ರಂಗದ ಹಲಗೆಯಿಂದ ಒಂದು ಗೇಣು ಮೇಲೆ ನಿಲ್ಲಬೇಕು. ಮೊದಲ ದಿನ ಸರಿಯಾಗಿ ನಿಂತಿತು. ಮಾರನೆಯ ದಿನ ಎರಡು ಬೆರಳು ಕೆಳಗೆ. ಅದರ ಮಾರನೆಯ ದಿನ ನಾಲ್ಕು ಬೆರಳು. ನಿನ್ನೆ ದಬ್ ಎಂದು ಹಲಗೆಯ ಮೇಲೇ ಕೂತಿತು. ಪೆಟ್ಟಿಗೆಯ ಗಾಜಿನಲ್ಲಿ ಮಾತ್ರ ಪ್ರತಿದಿನ ಅದೇ ಅಂಕಿ, ಒಂದು ಗೇಣು ಮೇಲಿದ್ದೇನೆ ಎಂದು. ಯಂತ್ರಕ್ಕೆ ಸುಳ್ಳು ಹೇಳಲು ಬರುತ್ತದೆಯೇ?

ನೀನು ಮಾಡುವ ಕೆಲಸ ಇಂಥ ಮೋಟರುಗಳದ್ದೇ ಎಂದು ಗೊತ್ತು. ವರ್ಷಕ್ಕೊಮ್ಮೆ ನೀನು ನಿನ್ನ ಅಕ್ಕನಿಗೆ ಮಾಡುವ ಫೋನಿನಲ್ಲಿ ಅವಳು ನಿನ್ನ ಮಾತನ್ನು ಒಂದೊಂದಾಗಿ ಜೋರಾಗಿ ತಿರುಗಿ ಹೇಳುತ್ತಾಳೆ, ನನಗೆ ಕೇಳಿಸಲಿ ಅಂತ. ನಾನು ಈಗ ಬರೆಯುತ್ತಿರುವುದು ಅವಳಿಗೆ ತಿಳಿಯದು.

ಇತಿ,
ಭಾವ


ಜನವರಿ 20

ಭಾವನವರಿಗೆ,

ನಿಮ್ಮ ಕಾಗದವನ್ನು ಹರಿಯಲಿಲ್ಲ. ಆ ಮೂಟೆ ಯಾರ ತಲೆಯ ಮೇಲೂ ಬೀಳಬಾರದು, ಅದಕ್ಕಾಗಿ ಉತ್ತರಿಸುತ್ತಿದ್ದೇನೆ. ಬೇರೆ ಅರ್ಥ ಹುಡುಕಬೇಡಿ.

ಯಂತ್ರ ಸುಳ್ಳು ಹೇಳುತ್ತಿಲ್ಲ, ಅದು ಮೋಸ ಹೋಗಿದೆ. ಮೋಟರಿನ ಬೆನ್ನಿಗೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಅದಕ್ಕೆ ಎನ್‌ಕೋಡರ್ ಎನ್ನುತ್ತೇವೆ. ಒಳಗೊಂದು ಬಿಲ್ಲೆ, ಬಿಲ್ಲೆಯ ಮೇಲೆ ಕೂದಲೆಳೆಯಂಥ ಗೆರೆಗಳು. ಮೋಟರು ತಿರುಗಿದಂತೆ ಗೆರೆಗಳು ಒಂದು ಬೆಳಕನ್ನು ತಡೆದು ಬಿಟ್ಟು, ತಡೆದು ಬಿಟ್ಟು ಮಾಡುತ್ತವೆ. ಆ ಮಿಣುಕುಗಳು ತಂತಿಯಲ್ಲಿ ಪೆಟ್ಟಿಗೆಗೆ ಬರುತ್ತವೆ. ಪೆಟ್ಟಿಗೆ ಎಂದರೆ ಡ್ರೈವ್. ಅದಕ್ಕೆ ರಂಗ ಕಾಣುವುದಿಲ್ಲ, ಮೂಟೆ ಕಾಣುವುದಿಲ್ಲ, ಮಿಣುಕುಗಳನ್ನು ಎಣಿಸುವುದೊಂದೇ ಗೊತ್ತು. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕಿ, ಆ ಅಂತರ ಇಲ್ಲವಾಗುವ ತನಕ ಮೋಟರನ್ನು ಓಡಿಸುತ್ತದೆ. ಎಣಿಕೆ ತಪ್ಪಿದರೆ ನೆಲ ಎಲ್ಲಿದೆ ಎಂಬುದೂ ಅದಕ್ಕೆ ತಪ್ಪುತ್ತದೆ.

ನಿಮ್ಮಲ್ಲಿ ಎಣಿಕೆ ತಪ್ಪುತ್ತಿದೆ. ಎರಡು ವಿಷಯ ನೋಡಿ ಬರೆಯಿರಿ. ಒಂದು, ದಿನದಲ್ಲಿ ಯಾವ ಹೊತ್ತಿಗೆ, ಏನೇನು ಚಾಲೂ ಇದ್ದಾಗ ತಪ್ಪುತ್ತದೆ. ಎರಡು, ಎನ್‌ಕೋಡರಿನ ತಂತಿ ಯಾವ ಯಾವ ತಂತಿಗಳ ಪಕ್ಕದಲ್ಲಿ ಹಾದು ಬರುತ್ತದೆ. ಅಲ್ಲಿಯ ತನಕ ಮೂಟೆಯ ಕೆಳಗೆ ಯಾರನ್ನೂ ಬಿಡಬೇಡಿ. ನನ್ನ ಅಕ್ಕನಂತೂ ಆ ಕಡೆ ಸುಳಿಯಲೇಬಾರದು. ನಿಮ್ಮ ಕೈಯಿಂದ ಅವಳು ಒಮ್ಮೆ ಬಿದ್ದು ಸೊಂಟ ಮುರಿದುಕೊಂಡದ್ದು ಒಂದು ಜನ್ಮಕ್ಕೆ ಸಾಕು.

ಇತಿ,
ನಿಮ್ಮ ಹೆಂಡತಿಯ ತಂಗಿ


ಫೆಬ್ರವರಿ 4

ಚೂಟಿ,

ನೀನು ಹೇಳಿದಂತೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಬೆಳಿಗ್ಗೆ ಬಾಗಿಲು ತೆರೆದು, ಎತ್ತರದ ಕಿಟಕಿಯ ಬೆಳಕಿನಲ್ಲೇ ಹಾರಿಸಿದರೆ ಮೂಟೆ ಒಂದು ಕೂದಲೂ ತಪ್ಪುವುದಿಲ್ಲ. ಹತ್ತು ಸಲ ಹಾರಿಸಿದರೆ ಹತ್ತೂ ಸಲ ಸರಿ. ರಂಗದ ದೀಪಗಳನ್ನು ಹಾಕಿ, ಅವನ್ನು ಮೆಲ್ಲಗೆ ಏರಿಸಿ ಇಳಿಸಿದಾಗ ಮಾತ್ರ ತಪ್ಪುತ್ತದೆ. ನೀಲಿ ದೀಪ ಅರ್ಧಕ್ಕೆ ಬಂದಾಗ ಅತಿ ಹೆಚ್ಚು.

ಏಣಿ ಹತ್ತಿ ನೋಡಿದೆ. ಎನ್‌ಕೋಡರಿನ ತಂತಿಯನ್ನೂ ದೀಪದ ದಪ್ಪ ಕೇಬಲ್ಲುಗಳನ್ನೂ ಒಂದೇ ಕಟ್ಟಾಗಿ ಕಟ್ಟಿ ಗೋಡೆಗುಂಟ ತಂದಿದ್ದಾರೆ, ಜಡೆ ಹೆಣೆದ ಹಾಗೆ. ತಂತಿಯ ಮೈಮೇಲಿನ ತಾಮ್ರದ ಬಲೆಯನ್ನು ಪೆಟ್ಟಿಗೆಯ ಹತ್ತಿರ ಕತ್ತರಿಸಿ ಟೇಪು ಸುತ್ತಿದ್ದಾರೆ. ಪುಸ್ತಕದಲ್ಲಿ ಅದನ್ನು ನೆಲದ ತಂತಿಗೆ, ಅಂದರೆ ಅರ್ಥಿಂಗಿಗೆ, ಕೂಡಿಸಬೇಕು, ಇಲ್ಲದಿದ್ದರೆ ಪಕ್ಕದ ಕೇಬಲ್ಲಿನ ಕರೆಂಟು ಸುಳ್ಳು ಮಿಣುಕುಗಳನ್ನು ಎಬ್ಬಿಸುತ್ತದೆ ಎಂದಿದೆ. ಕೂಡಿಸಿದೆ. ಎನ್‌ಕೋಡರಿನ ತಂತಿಯನ್ನು ಬಿಡಿಸಿ ಎದುರು ಗೋಡೆಗೆ, ಒಂಟಿಯಾಗಿ, ಒಯ್ದೆ. ಮೂರು ದಿನ ಹಿಡಿಯಿತು. ಆಮೇಲೆ ಎಲ್ಲ ದೀಪ ಹಾಕಿ ನಲವತ್ತು ಸಲ ಹಾರಿಸಿದೆ. ಮೂಟೆ ಪ್ರತಿಸಲವೂ ಬಂದು ಹಲಗೆಯಿಂದ ಒಂದು ಗೇಣು ಮೇಲೆ, ಅಲ್ಲೇ ನಿಂತಿತು. ನಲವತ್ತನೆಯದಾದ ಮೇಲೆ ಖಾಲಿ ಕುರ್ಚಿಗಳ ಕಡೆ ತಿರುಗಿ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ನಗಬೇಡ.

ಈಗ ಉಳಿದಿರುವುದು ಒಂದೇ. ನಿಂತ ಮೇಲೆ ಮೂಟೆ ಸಣ್ಣಗೆ ನಡುಗುತ್ತದೆ, ಚಳಿ ಹಿಡಿದವರ ಹಾಗೆ. ಅದೇಕೆ?

ರಂಗ ಕಾಣದೆ ಎಣಿಸುವ ಪೆಟ್ಟಿಗೆಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ನನಗೂ ಕಾಣುತ್ತಿರಲಿಲ್ಲವಲ್ಲ. ನಾಟಕದಲ್ಲಿ ನಿನ್ನ ಅಕ್ಕನನ್ನು ಹಾರಿಸುವಾಗ ನಾನು ಪಕ್ಕದ ಗೋಡೆಯ ಹಿಂದೆ ನಿಲ್ಲುತ್ತಿದ್ದೆ, ಮುಂದೆಲ್ಲ ಬಟ್ಟೆಯ ಮೋಡಗಳು. ಹಗ್ಗ ಮರದ ಗೂಟಕ್ಕೆ ಮೂರು ಸುತ್ತು. ಭಾರವನ್ನೆಲ್ಲ ಗೂಟವೇ ಹೊರುತ್ತಿತ್ತು, ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳ ಸೊಂಟದಿಂದ ನನ್ನ ತೋರುಬೆರಳಿಗೆ ಒಂದು ತೆಳ್ಳಗಿನ ದಾರ ಇರುತ್ತಿತ್ತು. ದಾರ ಬಿಗಿಯಾಗಿದ್ದರೆ ಅವಳು ಗಾಳಿಯಲ್ಲಿದ್ದಾಳೆ. ಪಾದ ಊರಿದ ಕೂಡಲೇ ಅವಳು ನನ್ನ ಕಡೆಗೆ ಒಂದು ಹೆಜ್ಜೆ ಇಡುತ್ತಿದ್ದಳು, ದಾರ ಸಡಿಲವಾಗುತ್ತಿತ್ತು. ಆಗ ನಾನು ಗೂಟದ ಸುತ್ತು ಬಿಚ್ಚುತ್ತಿದ್ದೆ. ಹದಿನಾಲ್ಕು ವರ್ಷ ಹಾಗೇ ನಡೆಯಿತು.

ಇನ್ನು ಮುಚ್ಚಿಟ್ಟು ಏನಾಗಬೇಕು. ಈ ಯಂತ್ರದಲ್ಲಿ ಹಾರಬೇಕೆಂದು ಕೇಳುತ್ತಿರುವುದು ನಿನ್ನ ಅಕ್ಕನೇ. ಒಂದೇ ಒಂದು ಸಲ, ನೋಡುವವರು ಯಾರೂ ಇಲ್ಲದಾಗ. ಐವತ್ತು ವರ್ಷ, ಕೈಯಲ್ಲಿ ಕೋಲು. ನಾನು ಬೇಡ ಅಂದೆ. "ನೀವು ಎತ್ತದಿದ್ರೆ ಬೇರೆಯವರ ಕೈಲಿ ಎತ್ತಿಸ್ಕೋತೀನಿ," ಅಂದಳು. ಅವಳು ಹಿಡಿದ ಹಟ ನಿನಗೇನು ಹೊಸದೇ.

ಇತಿ,
ಭಾವ


ಫೆಬ್ರವರಿ 15

ಭಾವನವರಿಗೆ,

ಬೇಡ.

ಅವಳಿಗೆ ಬುದ್ಧಿ ಇಲ್ಲದಿದ್ದರೆ ನಿಮಗಾದರೂ ಇರಬೇಕಿತ್ತು. ನನ್ನಿಂದ ಯಂತ್ರ ರಿಪೇರಿ ಮಾಡಿಸಿಕೊಂಡು ಅದಕ್ಕೆ ನನ್ನ ಅಕ್ಕನನ್ನೇ ಕಟ್ಟುವ ಆಲೋಚನೆಯಿತ್ತೆಂದು ಗೊತ್ತಿದ್ದರೆ ನಾನು ಪೆನ್ನು ಮುಟ್ಟುತ್ತಿರಲಿಲ್ಲ.

ನಡುಕಕ್ಕೆ ಕಾರಣ: ಡ್ರೈವ್ ಅತಿ ಆತುರದ್ದಾಗಿದೆ. ಕೂದಲೆಳೆಯಷ್ಟು ತಪ್ಪಿದರೂ ಎಳೆದು ಸರಿಮಾಡಲು ಹೋಗಿ ಆಚೆ ದಾಟುತ್ತದೆ, ಮತ್ತೆ ಈಚೆ ಎಳೆಯುತ್ತದೆ. ಅದರ ಬಿರುಸನ್ನು ಸ್ವಲ್ಪ ತಗ್ಗಿಸಬೇಕು. ತೀರಾ ತಗ್ಗಿಸಿದರೆ ಸೋಮಾರಿಯಾಗಿ ಹಿಂದೆ ಬೀಳುತ್ತದೆ. ಯಾವ ಅಂಕಿಯನ್ನು ಎಷ್ಟಕ್ಕೆ ಇಡಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೂಟೆಗಾಗಿ ಮಾತ್ರ.

ಆ ದಾರದ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಎಂಟು ವರ್ಷದವಳಿದ್ದಾಗಿನಿಂದ ಅವಳು ಹಾರುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ, ಒಂದು ದಿನವೂ ಕಾಣಲಿಲ್ಲ. ಇಲ್ಲಿ ನನ್ನ ಮೇಜಿನ ಮೇಲೆ ಹದಿಮೂರು ಮೋಟರುಗಳಿವೆ. ನಿಮ್ಮ ಕಾಗದ ಓದಿದ ಮೇಲೆ ಒಂದೊಂದರ ಎನ್‌ಕೋಡರ್ ತಂತಿಯನ್ನೂ ಬೆರಳಲ್ಲಿ ಹಿಡಿದು ನೋಡಿದೆ. ಯಾಕೆಂದು ಕೇಳಬೇಡಿ.

ಒಂದು ಪ್ರಶ್ನೆ ಇದೆ, ನೇರವಾಗಿ ಉತ್ತರಿಸಿ. ಆಸ್ಪತ್ರೆಯ ಮೆಟ್ಟಿಲ ಮೇಲೆ "ನೀವು ಹಗ್ಗ ಬಿಟ್ರಿ" ಎಂದು ನಾನು ಕಿರುಚಿದಾಗ ನೀವು "ಹೌದು, ಬಿಟ್ಟೆ" ಎಂದಿರಿ. ಅಷ್ಟೇ ಎಂದಿರಿ. ಆ ದಿನ ದಾರ ಏನು ಹೇಳಿತು?

ಇತಿ,
ಚೂಟಿ


ಮಾರ್ಚ್ 21

ಚೂಟಿ,

ಉತ್ತರ ತಡವಾಯಿತು. ನಡುಕ ನಿಂತಿದೆ. ನೀನು ಕೊಟ್ಟ ಅಂಕಿಗಿಂತ ಒಂದು ಕಡಿಮೆ ಇಟ್ಟಾಗ ಮೂಟೆ ನೀರಿನಲ್ಲಿ ತೇಲುವಂತೆ ಬಂದು ನಿಲ್ಲುತ್ತದೆ. ಪುಸ್ತಕದಲ್ಲಿ ಎಂಬತ್ತನೆಯ ಪುಟದವರೆಗೆ ಬಂದಿದ್ದೇನೆ.

ಆ ದಿನದ ಬಗ್ಗೆ ಹೇಳುವುದು ಏನೂ ಇಲ್ಲ. ಸುತ್ತು ಬಿಚ್ಚಿದ ಕೈ ನನ್ನದು.

ಇತಿ,
ಭಾವ


ಏಪ್ರಿಲ್ 2

ನನ್ನ ಚೂಟಿ,

ನಿನ್ನ ಭಾವನ ಸಲಕರಣೆಯ ಪೆಟ್ಟಿಗೆಯಲ್ಲಿ ಕತ್ತರಿ ಹುಡುಕಲು ಹೋದೆ. ಇಕ್ಕುಳದ ಕೆಳಗೆ ನಿನ್ನ ಎರಡು ಕಾಗದ ಸಿಕ್ಕಿದವು. ಪಕ್ಕದಲ್ಲಿ ಅವರು ನಿನಗೆ ಬರೆಯಲು ಹೊರಟು ನಿಲ್ಲಿಸಿದ ಆರು ಹಾಳೆ. ಎಲ್ಲದರಲ್ಲೂ "ಚೂಟಿ, ಆ ದಿನ ದಾರ" ಎಂಬಲ್ಲಿಗೆ ಪೆನ್ನು ನಿಂತಿದೆ. ಅವರು ಬರೆಯುವುದಿಲ್ಲ ಕಣೇ. ಬರೆಯಬೇಕಾದವಳು ನಾನು.

ಅವತ್ತು ದಾರ ಕಿತ್ತುಹೋಗಲಿಲ್ಲ. ನಾನೇ ಬಿಚ್ಚಿದೆ.

ಕೂತಲ್ಲೇ ಓದು, ಎದ್ದು ಓಡಾಡಬೇಡ. ನೀನು ಸಿಟ್ಟು ಬಂದಾಗ ಓಡಾಡುತ್ತೀಯ ಎಂದು ಗೊತ್ತು.

ಹದಿನಾಲ್ಕು ವರ್ಷ ಆ ದಾರ ನನ್ನ ಸೊಂಟದಲ್ಲಿತ್ತು. ನಾನು ನಕ್ಕರೆ ಅವರಿಗೆ ತಿಳಿಯುತ್ತಿತ್ತು, ಹೆದರಿದರೆ ತಿಳಿಯುತ್ತಿತ್ತು. ಒಮ್ಮೆ ಮೇಲಿದ್ದಾಗ ಸೀನು ಬಂತು, ಕೆಳಗೆ ಬಂದಾಗ "ನೆಗಡಿಯಾ?" ಎಂದು ಕೇಳಿದರು! ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಆ ದಿನ ನಾನು ಮೇಲೆ ಹೋದಾಗ ನೀಲಿ ಬೆಳಕು ಬಿದ್ದಿತ್ತು. ಬಟ್ಟೆಯ ಮೋಡಗಳು ಎರಡೂ ಕಡೆ ಸರಿದವು. ನಡುವೆ ನಾನೊಬ್ಬಳೇ. ಕೆಳಗಿನ ಮುಖಗಳು ಬಟ್ಟಲಿನ ನೀರಿನಲ್ಲಿ ಬಿದ್ದ ಹೂವಿನ ಹಾಗೆ ಕಂಡವು. ಇಡೀ ಜಗತ್ತಿನಲ್ಲಿ ನಾನೆಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲದ ಒಂದು ಕ್ಷಣ ಬೇಕು ಅನ್ನಿಸಿತು. ಒಂದೇ ಒಂದು ಕ್ಷಣ. ಆಸೆ ಎಂದರೆ ಅಷ್ಟೇ. ಮೂವತ್ತೊಂಬತ್ತು ವರ್ಷದ ಹೆಂಗಸಿಗೆ ಅಂಥ ಆಸೆ ಯಾಕೆ ಬರಬೇಕು ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬಂತು, ಏನು ಮಾಡಲಿ.

ಗಂಟು ಎಳೆದೆ. ಸುಲಭವಾಗಿ ಬಿಚ್ಚಿಕೊಂಡಿತು. ದಾರ ನನ್ನಿಂದ ಜಾರಿ ಮೋಡದ ಹಿಂದೆ ಹೋಗುವುದನ್ನು ನೋಡಿದೆ. ಎಷ್ಟು ಹಗುರವಾಗಿತ್ತು ಗೊತ್ತೇ, ನನಗೆ ಮೈಯೇ ಇಲ್ಲವೇನೋ ಅನ್ನಿಸುವಷ್ಟು. ದಾರ ಸಡಿಲವಾದರೆ ನಾನು ನೆಲ ಮುಟ್ಟಿದೆನೆಂದು ಅವರು ತಿಳಿಯುತ್ತಾರೆ ಎಂಬುದು ಹೊಳೆದ ಕೂಡಲೇ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಹಲಗೆ ಬಂದುಬಿಟ್ಟಿತು.

ಅವರು ಓಡುತ್ತಿದ್ದ ಹಗ್ಗವನ್ನು ಬರಿಗೈಯಲ್ಲಿ ಹಿಡಿದರು. ಅಂಗೈ ಚರ್ಮವೆಲ್ಲ ಹಗ್ಗಕ್ಕೆ ಅಂಟಿತು. ಅದರಿಂದಲೇ ನಾನು ಬದುಕಿದೆ ಎಂದು ವೈದ್ಯರು ಹೇಳಿದರು. ದಾರದ ತುದಿಯನ್ನು ಅವರು ನೋಡಿದ್ದಾರೆ. ಕಿತ್ತ ದಾರದ ತುದಿಗೂ ಬಿಚ್ಚಿದ ದಾರದ ತುದಿಗೂ ಇರುವ ವ್ಯತ್ಯಾಸ ಹಗ್ಗದ ಕೆಲಸದವರಿಗೆ ತಿಳಿಯದೇ? ಒಂದು ದಿನವೂ ಕೇಳಲಿಲ್ಲ. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕಿರುಚಿದ್ದು ನನ್ನ ಮಂಚದವರೆಗೆ ಕೇಳಿಸಿತು. ಅವರು "ಬಿಟ್ಟೆ" ಎಂದದ್ದೂ ಕೇಳಿಸಿತು. ಆಗಲೇ ಕೂಗಿ ಹೇಳಬಹುದಾಗಿತ್ತು. ನೋವು ಕಡಿಮೆಯಾದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ನೀನು ಊರು ಬಿಟ್ಟೆ. ಆಮೇಲೆ ಒಂದು ವರ್ಷವಾಯಿತು. ಒಂದು ವರ್ಷದ ಸುಳ್ಳನ್ನು ಬಿಚ್ಚುವುದು ಕಷ್ಟ, ಎರಡನೆಯ ವರ್ಷ ಇನ್ನೂ ಕಷ್ಟ. ನನ್ನ ಗಂಡ ನನ್ನ ಮುಂದೆಯೇ ನಿನ್ನ ಹೆಸರೆತ್ತದೆ ಹನ್ನೊಂದು ವರ್ಷ ಊಟ ಮಾಡಿದರು, ನಾನು ಬಡಿಸಿದೆ.

ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು. ಅದಕ್ಕೆ ಹಕ್ಕುದಾರಳು ನಾನೇ.

ಇತಿ,
ನಿನ್ನ ಅಕ್ಕ


ಏಪ್ರಿಲ್ 30

ಭಾವ,

ಅಕ್ಕ ಬರೆದಿದ್ದಾಳೆ. ನಿಮಗೆ ಹೇಳಿದ್ದಾಳೋ ಇಲ್ಲವೋ ತಿಳಿಯದು, ಹೇಳದಿದ್ದರೆ ನನ್ನಿಂದಲೇ ತಿಳಿಯಲಿ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ದೊಡ್ಡ ಮಾತು ಬರೆಯಲು ಹೋದರೆ ನನ್ನ ಕೈಯಲ್ಲಿ ಅದು ಯಂತ್ರದ ಪುಸ್ತಕದ ಹಾಗೆ ಆಗುತ್ತದೆ. ಅದಕ್ಕೆ ಯಂತ್ರದ ವಿಷಯವನ್ನೇ ಬರೆಯುತ್ತೇನೆ.

ಮೇ 18ರ ರೈಲಿಗೆ ಬರುತ್ತೇನೆ. ಒಂದು ವಾರ ರಜೆ ಸಿಕ್ಕಿದೆ. ಎರಡನೆಯ ಎನ್‌ಕೋಡರ್ ಒಂದನ್ನು ತರುತ್ತಿದ್ದೇನೆ. ಈಗಿರುವುದು ಮೋಟರಿನ ಬೆನ್ನಿಗಿದೆ, ಮೋಟರು ಎಷ್ಟು ತಿರುಗಿತು ಎಂಬುದಷ್ಟೇ ಅದಕ್ಕೆ ಗೊತ್ತು. ನಡುವೆ ಒಂದು ಹಲ್ಲುಚಕ್ರ ಮುರಿದರೆ ಅದಕ್ಕೆ ಸುದ್ದಿಯೇ ಇರುವುದಿಲ್ಲ. ಹೊಸದನ್ನು ಹಗ್ಗ ಸುತ್ತುವ ಡ್ರಮ್ಮಿಗೇ ಕೂಡಿಸೋಣ. ಎರಡೂ ಹೇಳುವ ಜಾಗ ಒಂದೇ ಆಗಿದ್ದರೆ ಮಾತ್ರ ಯಂತ್ರ ನಡೆಯಬೇಕು. ಬೇರೆ ಬೇರೆ ಹೇಳಿದರೆ, ಅಥವಾ ಒಂದು ಸುಮ್ಮನಾದರೂ, ಅದೇ ಗಳಿಗೆಯಲ್ಲಿ ನಿಲ್ಲಬೇಕು. ಸುಮ್ಮನಾಯಿತೆಂದರೆ ನೆಲ ಮುಟ್ಟಿತು ಎಂದು ತಿಳಿಯುವ ಹಾಗೆ ಇರಬಾರದು.

ಈ ಮೇಲಿನ ಸಾಲನ್ನು ಹೊಡೆದುಹಾಕಬೇಕೆಂದಿದ್ದೆ. ಇರಲಿ ಬಿಡಿ. ತಪ್ಪು ನಿಮ್ಮದು ಎಂಬ ಅರ್ಥದಲ್ಲಿ ಬರೆದದ್ದಲ್ಲ.

ಬ್ರೇಕು ಎರಡಿವೆಯೇ ನೋಡಿಡಿ. ಒಂದು ಕ್ವಿಂಟಲ್ ತೂಕದ ಮೂಟೆ ಬೇಕು. ಹಾರುವವರು ತೊಡುವ ಪಟ್ಟಿ ಹೊಸದೇ ಆಗಿರಲಿ, ಹಳೆಯದನ್ನು ಉಗ್ರಾಣದಿಂದ ತರಬೇಡಿ.

ನಿಲ್ದಾಣಕ್ಕೆ ಬರುವುದು ಬೇಡ. ಬಂದರೆ ಬೇಡ ಎನ್ನುವುದಿಲ್ಲ.

ಇತಿ,
ಚೂಟಿ


ಜೂನ್ 3

ಅಕ್ಕ,

ತಲುಪಿ ಒಂದು ವಾರವಾಯಿತು. ನಿನ್ನ ಜ್ವರ ಇಳಿಯಿತೇ? ನಾನು ಇದ್ದ ಏಳು ದಿನವೂ ನೀನು ಮಂಚ ಹಿಡಿದದ್ದು ನೋಡಿ ಬೇಕೆಂದೇ ಮಾಡಿದೆಯೇನೋ ಅನ್ನಿಸಿತು. ನಮ್ಮಿಬ್ಬರನ್ನೇ ರಂಗಮಂದಿರಕ್ಕೆ ಅಟ್ಟಲು. ಪ್ರತಿ ಸಂಜೆ "ಏನಾಯ್ತು, ಏನಾಯ್ತು" ಎಂದು ನೀನು ಕೇಳುವುದು, ಭಾವ "ಆಯ್ತು" ಎಂದು ಚಾದರ ಸರಿಮಾಡುವುದು. ಏನಾಯಿತೆಂದು ಈಗ ಹೇಳುತ್ತೇನೆ.

ಮೊದಲ ನಾಲ್ಕು ದಿನ ಕೆಲಸವೇ ಕೆಲಸ. ಇಷ್ಟು ವರ್ಷದಲ್ಲಿ ನನ್ನ ಮೇಜಿನ ಹತ್ತಿರ ಯಾರೂ ಭಾವನಷ್ಟು ಹಸನಾಗಿ ತಂತಿ ಕಟ್ಟಿದ್ದು ನಾನು ನೋಡಿಲ್ಲ. ಒಂದೊಂದು ಗಂಟಿಗೂ ಒಂದು ಹೆಸರು ಹೇಳುತ್ತಿದ್ದರು. ಎರಡನೆಯ ಎನ್‌ಕೋಡರ್ ಕೂಡಿಸಿ, ಪರೀಕ್ಷೆಗೆ ಅದರ ತಂತಿಯನ್ನು ಬೇಕೆಂದೇ ಕಿತ್ತೆ. ಮೂಟೆ ಅರ್ಧ ದಾರಿಯಲ್ಲಿ ಟಕ್ ಎಂದು ನಿಂತಿತು. ಭಾವ ಬಹಳ ಹೊತ್ತು ಆ ನಿಂತ ಮೂಟೆಯನ್ನೇ ನೋಡುತ್ತಾ ನಿಂತರು. ನಾನು ತಂತಿ ಮತ್ತೆ ಕೂಡಿಸಲು ಹೋದರೆ, "ಇರು, ಸ್ವಲ್ಪ ಹೊತ್ತು ಹಾಗೇ ಇರಲಿ," ಎಂದರು.

ಐದನೆಯ ದಿನ ಬೆಳಿಗ್ಗೆ ಪಟ್ಟಿಯನ್ನು ನಾನು ತೊಟ್ಟುಕೊಂಡೆ. ನಿನ್ನನ್ನು ಕಟ್ಟುವ ಮೊದಲು ಬೇರೊಬ್ಬರು ಹೋಗಿ ಬರಬೇಕಿತ್ತು. ಅವರ ಕೈಗೆ ಗುಂಡಿ ಕೊಟ್ಟೆ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಯಂತ್ರ ನಡೆಯುತ್ತದೆ. ಅವರು ಅದನ್ನು ನನ್ನ ಕಡೆಗೇ ತಿರುಗಿ ಚಾಚಿದರು.

"ಬೇರೆ ಯಾರಾದ್ರೂ ಒತ್ತಲಿ," ಎಂದರು.

"ಬೇರೆ ಯಾರಿದ್ದಾರೆ ಇಲ್ಲಿ? ನೀವೇ ಒತ್ಬೇಕು."

"ನನ್ನ ಬೆರಳು ಜಾರಿದ್ರೆ ಕಣಮ್ಮ?"

"ಜಾರ್ಲಿ ಭಾವ. ಒತ್ತಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ. ಬಿಟ್ರೂ ಬೀಳಲ್ಲ."

"ಬಿಟ್ರೂ ಬೀಳಲ್ವಾ?"

"ಬೀಳಲ್ಲ."

"ಕರೆಂಟು ಹೋದ್ರೆ?"

"ಕರೆಂಟು ಇದ್ರೇನೇ ಬ್ರೇಕು ಬಿಡೋದು. ಹೋದ್ರೆ ಹಿಡಿಯುತ್ತೆ."

ಮೂರು ಸಲ ಇದನ್ನೇ ಕೇಳಿ, ಮೂರು ಸಲ ಇದನ್ನೇ ಹೇಳಿಸಿ, ಒತ್ತಿದರು. ನನ್ನ ಪಾದ ಹಲಗೆ ಬಿಟ್ಟಿತು. ಬೆರಳು ತೆಗೆದರು, ನಿಂತೆ. ಒತ್ತಿದರು, ಒಂದು ಮೊಳ ಏರಿದೆ. ಮತ್ತೆ ತೆಗೆದರು. ಮಾವಿನ ಮರ ಹತ್ತುವ ಇರುವೆಯ ಹಾಗೆ, ನಿಂತು ನಿಂತು, ಮೇಲೆ ಹೋದೆ. ನಿಜ ಹೇಳುತ್ತೇನೆ, ಅಕ್ಕ, ನನ್ನ ಕಣ್ಣು ಮುಚ್ಚಿತ್ತು. ಹದಿಮೂರು ಮೋಟರುಗಳ ಜೊತೆ ದಿನ ಕಳೆಯುವವಳು ಒಂದಕ್ಕೂ ಮೈಭಾರ ಕೊಟ್ಟವಳಲ್ಲ.

ತೆರೆದಾಗ ಬಟ್ಟೆಯ ಮೋಡಗಳ ನಡುವೆ ಇದ್ದೆ. ಹತ್ತಿರದಿಂದ ಅವು ಬರೀ ಹಳೆಯ ಚಾದರಗಳು, ಹೊಲಿಗೆ ಹಾಕಿದ್ದೂ ಕಾಣುತ್ತದೆ. ಆದರೂ ಎತ್ತರದ ಕಿಟಕಿಯಿಂದ ಬೆಳಕು ಅವುಗಳೊಳಗೆ ಇಳಿದು ಹಾಲಿನ ಹಾಗೆ ನಿಂತಿತ್ತು. ಯಂತ್ರ ಮೇಲೆ ಮೆಲ್ಲಗೆ ಗುನುಗುತ್ತಿತ್ತು. ನೋಡುವವರಿಗೆ ನಾನು ಸುಮ್ಮನೆ ನಿಂತಿದ್ದೆ. ಅದಕ್ಕೆ ಮಾತ್ರ ಆಗಲೇ ಹೆಚ್ಚು ಕೆಲಸ. ಗಳಿಗೆಗೆ ಎಷ್ಟೋ ಸಲ, ಕೊಂಚ ಇಳಿದಳೇ, ಎತ್ತು, ಕೊಂಚ ಏರಿದಳೇ, ಇಳಿಸು. ಇದನ್ನು ಹತ್ತು ವರ್ಷದಿಂದ ಎಲ್ಲರಿಗೂ ಪಾಠ ಹೇಳಿದ್ದೇನೆ. ನನ್ನ ಮೈಭಾರವನ್ನೇ ಅದು ಹೊತ್ತಾಗ ಬೇರೆ ಅನ್ನಿಸಿತು.

ಅಲ್ಲಿಂದ ಭಾವ ಬಹಳ ಚಿಕ್ಕವರಾಗಿ ಕಂಡರು. ಎರಡೂ ಕೈಯಲ್ಲಿ ಗುಂಡಿ ಹಿಡಿದು, ಕತ್ತೆತ್ತಿ, ಬಾಯಿ ತೆರೆದುಕೊಂಡು ನಿಂತಿದ್ದರು. ನಿಲ್ದಾಣದಲ್ಲಿ ಅವರನ್ನು ಕಂಡಾಗಿನಿಂದ ಆಡದೆ ಉಳಿದಿದ್ದ ಮಾತು ಆಗ ಬಂತು.

"ಭಾವ, ಆವತ್ತು ಆಸ್ಪತ್ರೆಯಲ್ಲಿ ನಾನು..."

"ಏನು? ಕೇಳಿಸ್ತಿಲ್ಲ!"

"ಆಸ್ಪತ್ರೆ ಮೆಟ್ಲ ಮೇಲೆ..."

"ಜೋರಾಗಿ ಹೇಳೇ! ಪಟ್ಟಿ ಬಿಗಿಯಾಗ್ತಿದೆಯಾ?"

"ತಪ್ಪಾಯ್ತು ಅಂದೆ!" ಎಂದು ಕಿರುಚಿದೆ. ಖಾಲಿ ರಂಗಮಂದಿರದ ನಾಲ್ಕೂ ಗೋಡೆಗಳು ಅದನ್ನು ಹಿಡಿದು ಮತ್ತೆ ಮತ್ತೆ ಹೇಳಿದವು. ನನಗೇ ನಾಚಿಕೆಯಾಯಿತು. ಭಾವ ಒಂದು ಕೈಯನ್ನು ಗುಂಡಿಯಿಂದ ತೆಗೆದು ಕಣ್ಣು ಒರೆಸಿಕೊಂಡರು, ಗಡಿಬಿಡಿಯಲ್ಲಿ ಮತ್ತೆ ಹಿಡಿದರು.

"ಸರಿ ಸರಿ," ಎಂದರು. "ಇಳಿಸ್ಲಾ?"

ಇಳಿಸಿದರು. ಇಳಿಯುವಾಗ ಅವರ ಬೆರಳು ಒಂದು ಸಲವೂ ಏಳಲಿಲ್ಲ.

ನಿನ್ನ ಮೇಲಿನ ಸಿಟ್ಟು ಪೂರಾ ಹೋಗಿಲ್ಲ. ನಿನ್ನ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗಲೂ ಇತ್ತು. ಅದು ಇರುತ್ತದೆ, ನಾನೂ ಇರುತ್ತೇನೆ. ಜ್ವರ ಬಿಟ್ಟು ಹದಿನೈದು ದಿನವಾಗುವ ಮೊದಲು ಹಾರುವ ಮಾತೆತ್ತಬೇಡ. ಯಂತ್ರ ಸರಿಯಾಗಿದೆ. ನಾನು ಅದರಲ್ಲಿ ಹೋಗಿ ಬಂದವಳು, ನನ್ನ ಮಾತು ನಂಬು.

ಇತಿ,
ಚೂಟಿ


ಜೂನ್ 25

ಚೂಟಿ,

ನಿನ್ನೆ ಬೆಳಿಗ್ಗೆ ಹಾರಿದೆ. ಹಾರಿದೆ ಎಂದರೆ ನೀನು ದೊಡ್ಡದಾಗಿ ಏನೋ ಊಹಿಸುತ್ತೀಯ, ಅದಕ್ಕೆ ಆದದ್ದು ಆದ ಹಾಗೆ ಹೇಳುತ್ತೇನೆ.

ನಿನ್ನ ಭಾವ ಮೂರು ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲ. ನಿನ್ನೆ ಎದ್ದವರೇ ಮೂಟೆಯನ್ನು ಇಪ್ಪತ್ತು ಸಲ ಹಾರಿಸಿದರು. ನಾನು ಮುಂದಿನ ಸಾಲಿನಲ್ಲಿ, ನೀನು ಕೂರುತ್ತಿದ್ದ ಕುರ್ಚಿಯ ಆಸುಪಾಸಿನಲ್ಲಿ ಕೂತು ನೋಡಿದೆ. ಇಪ್ಪತ್ತಾದ ಮೇಲೆ "ಮೂಟೆಗೆ ತಲೆ ಸುತ್ತುತ್ತೆ, ಬಿಡಿ ಅದನ್ನ," ಎಂದೆ. ಪಟ್ಟಿ ಕಟ್ಟಿದರು. ಒಂದೊಂದು ಬಕಲನ್ನೂ ಎಳೆದು ನೋಡಿದರು. ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಕುರ್ಚಿಗೆ ಆನಿಸಿದರು.

ಹೋಗುವ ಮುಂಚೆ ಒಂದು ಮಾತು ಹೇಳಿದೆ. "ಗಂಟು ನಾನೇ ಬಿಚ್ಚಿದ್ದು," ಅಂತ. ನಿನಗೆ ಬರೆದಿದ್ದೆನೇ ಹೊರತು ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಬಕಲು ನೋಡುತ್ತಲೇ, "ಗೊತ್ತು," ಎಂದರು. "ಯಾಕೆ ಕೇಳ್ಲಿಲ್ಲ?" ಅಂದೆ. ಇನ್ನೊಂದು ಬಕಲು ಬಿಗಿದರು. "ಕೇಳಿದ್ರೆ, ನನ್ನಿಂದ ದೂರ ಹೋಗ್ಬೇಕು ಅನ್ನಿಸ್ತು ಅಂತ ಹೇಳಿಬಿಡ್ತೀಯೇನೋ ಅಂತ ಭಯ," ಎಂದರು. ಹನ್ನೊಂದು ವರ್ಷ ಆ ಭಯ ಇಟ್ಟುಕೊಂಡಿದ್ದರಂತೆ, ಚೂಟಿ. ನಾನೋ ನನ್ನ ತಪ್ಪು ಬಯಲಾದೀತೆಂಬ ಭಯ ಇಟ್ಟುಕೊಂಡಿದ್ದೆ. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ. "ದೂರ ಅಲ್ಲ ಕಣ್ರಿ," ಎಂದೆ. "ಬರೀ ಮೇಲೆ." ಅವರಿಗೆ ನಗು ಬಂತು. ನನಗೂ.

ಆಮೇಲೆ ಗುಂಡಿ ಒತ್ತಿದರು.

ಕಾಲು ಹಲಗೆ ಬಿಟ್ಟ ಕೂಡಲೇ ಸೊಂಟದ ನೋವು ಹೋಯಿತು. ಮೈಯನ್ನು ಹೊರುವುದು ಇನ್ನು ನನ್ನ ಕೆಲಸವಲ್ಲ ಎಂದಂತೆ. ನಿಧಾನವಾಗಿ ಏರಿದೆ. ಎದೆಯೆತ್ತರ, ಬಾಗಿಲೆತ್ತರ. ಬಟ್ಟೆಯ ಮೋಡಗಳ ಬುಡ ತಲೆಗೆ ತಾಗಿತು, ಧೂಳಿನ ಹಳೆಯ ವಾಸನೆ ಬಂತು. ಇನ್ನು ಸ್ವಲ್ಪ ಹೋದರೆ ಮೋಡದ ಒಳಗೆ. ಅಲ್ಲಿ "ನಿಲ್ಲಿಸಿ" ಎಂದೆ. ನಿಂತಿತು.

ಎರಡು ಆಳೆತ್ತರವಿತ್ತು. ಆವತ್ತು ನಾನು ಬಿದ್ದದ್ದು ಅಲ್ಲಿಂದಲೇ. ಅಳೆದು ನಿಲ್ಲಿಸಿದ್ದಲ್ಲ, ಮೈಗೆ ಗೊತ್ತಿತ್ತು.

"ಇನ್ನೂ ಮೇಲೆ ಹೋಗಲ್ವಾ?" ಎಂದು ಅವರು ಕೆಳಗಿನಿಂದ ಕೇಳಿದರು.

"ಬೇಡ. ಇಳಿಸಿ."

"ಹೆದರಿಕೆ ಆಯ್ತಾ?"

"ಇಲ್ಲ. ಇಳಿಸಿ ಸಾಕು."

ಆಗ ನನಗೇ ಅರ್ಥವಾಯಿತು, ನನಗೆ ಬೇಕಾಗಿದ್ದದ್ದು ಹಾರುವುದಲ್ಲ. ಇಷ್ಟು ವರ್ಷ ನಿದ್ದೆಯಲ್ಲಿ, ಎಚ್ಚರದಲ್ಲಿ, ಸಾರು ಕುದಿಯುವುದನ್ನು ಕಾಯುತ್ತಾ ನಿಂತಾಗ ಕೂಡ, ನಾನು ಅಲ್ಲಿಂದ ಇಳಿದು ಮುಗಿಸಿರಲೇ ಇಲ್ಲ.

ಅವರು ಇಳಿಸಿದರು. ಎಷ್ಟು ನಿಧಾನ ಎಂದರೆ ಕಿಟಕಿಯ ಬೆಳಕಿನಲ್ಲಿ ತೇಲುತ್ತಿದ್ದ ಧೂಳಿನ ಕಣಗಳು ನನಗಿಂತ ಬೇಗ ಇಳಿಯುತ್ತಿದ್ದವು. ನಾನು ಕೆಳಗೆ ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ, ಅವರು ನನ್ನ ಪಾದವನ್ನೇ ನೋಡುತ್ತಿದ್ದರು. ಮೊದಲು ಎಡಗಾಲಿನ ಹೆಬ್ಬೆರಳು ತಾಗಿತು. ಆಮೇಲೆ ಹಿಮ್ಮಡಿ. ಆಮೇಲೆ ಬಲಗಾಲು.

ಹಲಗೆ ತಣ್ಣಗಿತ್ತು. ನೆಲ ಇದ್ದ ಜಾಗದಲ್ಲೇ ಇತ್ತು.

ಇತಿ,
ನಿನ್ನ ಅಕ್ಕ